ನಡುಗದ ಮುಳ್ಳು

ರಾಯದುರ್ಗ,
ಸ್ವಭಾನು ಸಂವತ್ಸರದ ಆಶ್ವಯುಜ ಶುದ್ಧ ಏಕಾದಶಿ,
ಅಕ್ಟೋಬರ್ ೧೯೪೩.

ಪ್ರೀತಿಯ ಚಿನ್ನಕ್ಕನ ಅಪ್ಪನಿಗೆ,

ಬೊಮ್ಮಕ್ಕ ಮಾಡುವ ನಮಸ್ಕಾರಗಳು. ನಿಮ್ಮ ಮೈ ಹೇಗಿದೆ? ಕೆಮ್ಮು ಹೋಯಿತೇ? ಎಂಜಿನ್ನಿನ ಗೂಡಿನಲ್ಲಿ ಹೊಗೆ ಕುಡಿದು ಕುಡಿದು ಗಂಟಲು ಕಟ್ಟಿದೆ ಎಂದು ಭಾದ್ರಪದದಲ್ಲಿ ಬರೆದಿದ್ದಿರಿ. ಈ ಸಲದ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ವಾಸಿಯಾಯಿತೆಂದು ಬರೆಯಲಿಲ್ಲವೋ, ನಾನು ಹೆದರುತ್ತೇನೆಂದು ಬರೆಯಲಿಲ್ಲವೋ ತಿಳಿಯದೆ ಎರಡನ್ನೂ ನಂಬಿಕೊಂಡು ಕೂತಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಾ? ಆ ಕಡೆಯ ಕುಚ್ಚಲಕ್ಕಿ ನಿಮ್ಮ ಹೊಟ್ಟೆಗೆ ಈಗಲಾದರೂ ಒಗ್ಗಿತೇ? ಹೆಸರು ಬಿಟ್ಟು ‘ಚಿನ್ನಕ್ಕನ ಅಪ್ಪ’ ಎಂದು ಬರೆದದ್ದಕ್ಕೆ ನಗಬೇಡಿ. ಅನಂತಪುರದ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಓದಿದವಳಿಗೆ ಗಂಡನ ಹೆಸರು ಬರೆಯಲು ಏನು ಕಷ್ಟ ಎಂದು ಕೇಳಿದ್ದಿರಿ. ಕಷ್ಟ ಬರೆಯುವುದರಲ್ಲಿಲ್ಲ. ಪತ್ರ ಅಂಟಿಸುವ ಮೊದಲು ಅತ್ತೆಯವರ ಎದುರು ಕೂತು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕಲ್ಲ, ಅದರಲ್ಲಿದೆ. ನಿಮ್ಮ ಅವ್ವನಿಗೆ ಅಕ್ಷರ ಬಾರದಿದ್ದರೂ ಕಿವಿ ಬಹಳ ಚುರುಕು. ಒಂದು ಸಾಲು ಹಾರಿಸಿದರೂ ‘ಅಲ್ಲೇನೋ ನುಂಗಿದೀ ನೋಡವಾ’ ಎನ್ನುತ್ತಾರೆ.

ಮಗು ಚೆನ್ನಾಗಿದ್ದಾಳೆ. ಇದನ್ನು ಮೊದಲು ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ. ನಿದ್ದೆ ಮಾತ್ರ ಇಲ್ಲ. ಹಗಲೆಲ್ಲ ತೊಟ್ಟಿಲಲ್ಲಿ ಕಲ್ಲು ಬಿದ್ದ ಹಾಗೆ ಮಲಗುತ್ತಾಳೆ, ದೀಪ ಹಚ್ಚಿದ ಕೂಡಲೇ ಕಣ್ಣುಗಳು ಅಗಲವಾಗುತ್ತವೆ. ಅವಳು ಅತ್ತರೆ ಯಾಕೆ ಅಳುತ್ತಾಳೆಂಬ ಹೆದರಿಕೆ, ಅಳು ನಿಂತರೆ ಯಾಕೆ ನಿಂತಿತೆಂಬ ಹೆದರಿಕೆ. ಎದೆಯ ಮೇಲೆ ಕೈಯಿಟ್ಟು ಉಸಿರು ಏರಿ ಇಳಿಯುವುದನ್ನು ನೋಡುತ್ತಲೇ ಕೂರುತ್ತೇನೆ. ಮೊನ್ನೆ ಮಡಕಶಿರದಿಂದ ಬಂದಿದ್ದ ನನ್ನ ಅಮ್ಮ, ‘ಮಗೀಗೆ ದೃಷ್ಟಿ ಆಗೈತೆ ಕಣಮ್ಮಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗಾಕು’ ಎಂದಳು. ಅತ್ತೆಯವರು ಬಿಡುತ್ತಾರೆಯೇ? ‘ದೃಷ್ಟಿ ಕೂಸಿಗಲ್ರಿ ಬೀಗತಿ, ನಿಮ್ಮ ಮಗಳಿಗೆ ಆಗೈತಿ. ಈಕಿ ಕಣ್ಣು ಮುಚ್ಚಿದ್ರ ಅದೂ ಮುಚ್ಚತೈತಿ’ ಎಂದರು. ಇಬ್ಬರೂ ಸೇರಿ ನನಗೂ ಮಗುವಿಗೂ ಒಟ್ಟಿಗೇ ನಿವಾಳಿಸಿದರು. ಮೆಣಸಿನಕಾಯಿಯ ಘಾಟಿಗೆ ಮನೆಯವರೆಲ್ಲ ಕೆಮ್ಮಿದ್ದಾಯಿತು, ನಿದ್ದೆ ಮಾತ್ರ ಯಾರಿಗೂ ಬರಲಿಲ್ಲ.

ನಿಮ್ಮ ಪತ್ರ ದುರ್ಗಾಷ್ಟಮಿಯ ದಿನ ಬಂತು. ಅತ್ತೆಯವರು ಶೇಂಗಾ ಸುಲಿಯುತ್ತ ಕೂತು ಕೇಳಿದರು. (ಮದುವೆಯಾಗಿ ಬಂದು ಮೂರನೆಯ ವರ್ಷ, ಈಗಲೂ ನನ್ನ ಬಾಯಲ್ಲಿ ಕಡ್ಲೇಕಾಯಿ ಎಂದೇ ಬರುತ್ತದೆ, ಈಗಲೂ ನಗುತ್ತಾರೆ.) ನೀವು ಸಮುದ್ರಕ್ಕೆ ಹೋದ ಕಥೆಯನ್ನು ಮನೆಗೆ ಬಂದವರಿಗೆಲ್ಲ ಅವರು ಹೇಳುವ ರೀತಿ ನಿಮಗೆ ಗೊತ್ತೇ ಇದೆ: ಬಳ್ಳಾರಿಯ ಮಿಲ್ಲಿನ ಎಂಜಿನ್ನನ್ನು ಮಂಗಳೂರಿನ ಹೆಂಚಿನ ಸಾಹುಕಾರರು ತಮ್ಮ ಹಾಯಿಹಡಗಿಗೆಂದು ಕೊಂಡಾಗ ‘ಎಂಜಿನ್ನಿಗೆ ಗಂಡನ ಮನಿ ತೋರಿಸಿ ಬರ್ತೀನಂತ ಹೋದ, ತಾನ ಅಲ್ಲಿ ಮನಿಅಳಿಯ ಆಗಿ ಕುಂತ!’ ಕೇಳಿದವರು ನಗುತ್ತಾರೆ, ಅವರೂ ನಗುತ್ತಾರೆ. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾರೆ.

ಆ ಪತ್ರವನ್ನು ನಾನು ಎಷ್ಟು ಸಲ ಓದಿದ್ದೇನೆಂದರೆ ಮಡಿಕೆಯ ಮೇಲಿನ ಅಕ್ಷರಗಳು ಅಳಿಸಿಹೋಗಿವೆ. ಎಂಜಿನ್ನಿನ ಪಕ್ಕದಲ್ಲೇ, ಆ ಹೊಗೆಯ ಗೂಡಿನಲ್ಲಿ ಇದ್ದ ಎರಡೂ ಗೇಜುಗಳನ್ನು ಬಿಚ್ಚಿ ಮೇಲಕ್ಕೆ ತಂದು, ಚುಕ್ಕಾಣಿ ಹಿಡಿಯುವ ತಾಂಡೇಲರ ಎದುರಿಗೇ ಕೂಡಿಸಿದ್ದೀರಿ. ಅಟ್ಟದ ಹಲಗೆಗೆ ತೂತು ಕೊರೆದು, ತಾಮ್ರದ ಸಣ್ಣ ಕೊಳವೆಯನ್ನು ಗೋಡೆಗುಂಟ ಹತ್ತಿಸಿ, ಹಲಸಿನ ಹಲಗೆಯೊಂದನ್ನು ಹತ್ತರಿಯಿಂದ ನುಣ್ಣಗೆ ಹೆರೆದು, ಅದರ ಮೇಲೆ ಎರಡು ಕಣ್ಣುಗಳ ಹಾಗೆ ಎರಡು ಗೇಜು. ಒಂದು, ಎಂಜಿನ್ನನ್ನು ತಣ್ಣಗಿಡುವ ನೀರಿನ ಬಿಸಿ ತೋರಿಸುವುದು. ಇನ್ನೊಂದು, ಒಳಗೆ ಓಡಾಡುವ ಎಣ್ಣೆಯ ಒತ್ತಡ ತೋರಿಸುವುದು. ಇನ್ನು ಮೇಲೆ ಮುಳ್ಳು ನೋಡಲೆಂದು ಹಗಲೆಲ್ಲ ಕೆಳಗೆ ಕೂತು ಹೊಗೆ ನುಂಗಬೇಕಾಗಿಲ್ಲ, ತಾಂಡೇಲರೇ ಕಣ್ಣಿಟ್ಟಿರುತ್ತಾರೆ, ಮುಳ್ಳು ಕೆಂಪು ಗೀಟಿನಿಂದ ಕೆಳಗಿಳಿದರೆ ಕಾಲಿನಿಂದ ಹಲಗೆ ಬಡಿದು ನಿಮ್ಮನ್ನು ಕರೆಯುತ್ತಾರೆ ಎಂದು ಬರೆದಿದ್ದೀರಿ. ಅಷ್ಟು ಓದುವಾಗ ನನಗೆ ಆದ ಸಮಾಧಾನವನ್ನು ಹೇಗೆ ಹೇಳಲಿ! ನಿಮ್ಮ ಗಂಟಲಿನ ಮೇಲಿನ ಕಾಳಜಿಯಿಂದ ಆ ತಾಂಡೇಲರಿಗೆ ಮನಸ್ಸಿನಲ್ಲೇ ಕೈಮುಗಿದೆ. ಅವರ ಮನೆಯಲ್ಲಿ ಮಕ್ಕಳಿದ್ದಾರೆಯೇ? ಮುಂದಿನ ಸಲ ಬರೆಯಿರಿ.

ಎಣ್ಣೆಯ ಗೇಜು ಮಾವನವರದು ಎಂಬುದರಿಂದ ಅತ್ತೆಯವರು ಆ ಭಾಗವನ್ನು ಮತ್ತೆ ಓದಿಸಿದರು. ಇಲ್ಲಿನ ಮಿಲ್ಲಿನಲ್ಲಿ ಮಾವನವರು ತೀರಿಕೊಳ್ಳುವವರೆಗೂ ಓಡಿಸಿದ ಎಂಜಿನ್ನಿನ ಗೇಜು. ಎಂಜಿನ್ ಬದಲಾದಾಗ ಸಾಹುಕಾರರು ‘ಸುಂಕಪ್ಪನ ನೆನಪಿಗೆ ಇರಲಿ’ ಎಂದು ಮನೆಗೆ ಕಳಿಸಿದ್ದು. ದೇವರ ಗೂಡಿನಲ್ಲಿ ದೀಪದ ಪಕ್ಕ ಇದ್ದದ್ದು. ಯುದ್ಧದ ದೆಸೆಯಿಂದ ಹೊಸ ಗೇಜು ಎಲ್ಲೂ ಸಿಗುವುದಿಲ್ಲ, ಹಡಗಿನದು ಒಡೆದಿದೆ ಎಂದು ಶ್ರಾವಣದಲ್ಲಿ ಮಗುವಿನ ನಾಮಕರಣಕ್ಕೆ ಬಂದಾಗ ನೀವು ಅದನ್ನು ಕೇಳಿದಿರಿ. ಅತ್ತೆಯವರು ಎರಡು ದಿನ ಅದನ್ನು ಗೂಡಿನಲ್ಲೇ ಇಟ್ಟುಕೊಂಡರು. ಹೊರಡುವ ಬೆಳಿಗ್ಗೆ ತಾವೇ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ನಿಮ್ಮ ಚೀಲದಲ್ಲಿಟ್ಟರು. ಅವರ ಬಾಯಲ್ಲಿ ಅದು ಗೇಜಲ್ಲ, ‘ಅವರ ಗಡಿಯಾರ’. ಈಗಲೂ ಆ ಗೂಡಿನ ಖಾಲಿ ಜಾಗದಲ್ಲಿ ಬೇರೆ ಏನನ್ನೂ ಇಡಗೊಡುವುದಿಲ್ಲ.

ಇಷ್ಟಾದ ಮೇಲೆ ನಿಮ್ಮ ಪತ್ರದಲ್ಲಿ ಒಂದು ಮಾತಿದೆ. ಅದನ್ನು ಇಲ್ಲಿ ಇಳಿಸುತ್ತೇನೆ. ‘ಕೆಳಗಿದ್ದಾಗ ಅಪ್ಪನ ಗೇಜಿನ ಮುಳ್ಳು ನಡುಗಿ ನಡುಗಿ ಅಂಕಿ ಓದಲು ಬಿಡುತ್ತಿರಲಿಲ್ಲ. ಮೇಲಕ್ಕೆ ತಂದ ಮೇಲೆ ದಿನದಿನಕ್ಕೂ ನಡುಕ ಕಡಿಮೆಯಾಗಿ ಈಗ ಅಪ್ಪನ ಹಾಗೆ ಸ್ಥಿರವಾಗಿ ನಿಂತಿದೆ. ಉದ್ದದ ಕೊಳವೆಯ ಗುಣ. ಎಂಜಿನ್ ನಿಲ್ಲಿಸಿದರೂ ಅವಸರದಿಂದ ಕೆಳಗಿಳಿಯುವುದಿಲ್ಲ, ನಮ್ಮ ಚಿನ್ನಕ್ಕನ ಹಾಗೆ ಮಲಗಲು ಹಠ ಮಾಡುತ್ತದೆ.’ ಇದನ್ನು ಓದಿದಾಗ ಅತ್ತೆಯವರು ಖುಷಿಯಿಂದ ‘ನೋಡಿದ್ಯಾ? ಎಲ್ಲೆ ಹೋದ್ರೂ ಅವರ ಗುಣ ಬಿಟ್ಟಿಲ್ಲ’ ಎಂದರು. ನಾನೂ ನಕ್ಕೆ. ಆದರೆ ನಗುತ್ತಿರುವಾಗಲೇ ಆ ಮಾತನ್ನು ಇನ್ನೊಂದು ಸಲ ಓದಿಕೊಂಡೆ. ಯಾಕೆಂದು ಕೂಡಲೇ ಹೊಳೆಯಲಿಲ್ಲ. ಸಂಜೆ ಮಗುವಿನ ಎದೆಯ ಮೇಲೆ ಕೈಯಿಟ್ಟು ಕೂತಿದ್ದಾಗ ಹೊಳೆಯಿತು.

ನಾನು ಹೊಸದಾಗಿ ಈ ಮನೆಗೆ ಬಂದಾಗ ಮಾವನವರಿಗೆ ಮಿಲ್ಲಿಗೆ ಬುತ್ತಿ ಒಯ್ಯುತ್ತಿದ್ದೆನಲ್ಲ, ಓದಿದ ಸೊಸೆಗೆ ಎಂಜಿನ್ ತೋರಿಸುವುದೆಂದರೆ ಅವರಿಗೆ ಎಲ್ಲಿಲ್ಲದ ಉಮೇದು. ರೊಟ್ಟಿ ಬಾಯಲ್ಲಿಟ್ಟುಕೊಂಡೇ ಎದ್ದು ಹೋಗಿ ಆ ಗೇಜಿನ ಗಾಜನ್ನು ಉಗುರಿನಿಂದ ಟಕ್ ಎಂದು ಬಡಿಯುವರು. ‘ಮುಳ್ಳು ನಡಗ್ತಿರಬೇಕವಾ. ನಡಗಿದ್ರ ಒಳಗ ಜೀವ ಐತಿ. ಗಪ್ಪನ ನಿಂತ್ರ ನಾ ಎದ್ದು ಓಡ್ತೀನಿ, ರೊಟ್ಟಿ ಅಲ್ಲೇ ಬಿಟ್ಟು’ ಎನ್ನುವರು. ಒಂದು ಮಾತು ಮಾವನವರದು, ಒಂದು ಮಾತು ನಿಮ್ಮದು. ಉದ್ದದ ಕೊಳವೆಯಿಂದ ನಡುಕ ಕಡಿಮೆಯಾಗಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ, ಎಂಜಿನ್ ಕೆಲಸ ನಿಮ್ಮದು. ಆದರೆ ಕೊಳವೆಯ ಉದ್ದ ಕೂಡಿಸಿದ ದಿನ ಎಷ್ಟಿತ್ತೋ ಇವತ್ತೂ ಅಷ್ಟೇ ಇದೆ. ಕೊಳವೆಯೇ ಕಾರಣವಾದರೆ ನಡುಕ ಮೊದಲ ದಿನವೇ ನಿಲ್ಲಬೇಕಾಗಿತ್ತಲ್ಲ? ದಿನದಿನಕ್ಕೂ ಯಾಕೆ ಕಡಿಮೆಯಾಯಿತು? ಈ ಒಂದು ಪ್ರಶ್ನೆ ಹಿಡಿದುಕೊಂಡು ನಾನು ಅಷ್ಟಮಿಯಿಂದ ಎದ್ದು ಕೂತಿದ್ದೇನೆ.

ನೀವೇ ಶ್ರಾವಣದಲ್ಲಿ ನನಗೆ ಹೇಳಿದ್ದನ್ನು ನೆನಪಿಸಿಕೊಳ್ಳಿ. ಎಣ್ಣೆ ತಲುಪದಿದ್ದರೆ ಒಳಗಿನ ಉಕ್ಕು ಉಕ್ಕನ್ನು ತಿನ್ನುತ್ತದೆ, ಕಾದು ಒಂದಕ್ಕೊಂದು ಕಚ್ಚಿಕೊಂಡುಬಿಡುತ್ತದೆ, ಆಮೇಲೆ ದೇವರು ಬಂದರೂ ಎಂಜಿನ್ ತಿರುಗುವುದಿಲ್ಲ ಎಂದಿರಿ. ಮಿಲ್ಲಿನಲ್ಲಾದರೆ ಶೇಂಗಾ ನಾಳೆ ಒಡೆದರಾಯಿತು. ಆದರೆ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಅಲೆಗಳು ಮೂರೂ ಕಡೆಯಿಂದ ಏಳುತ್ತವೆ, ಅಲ್ಲಿ ಗಾಳಿ ಬಿದ್ದು ಎಂಜಿನ್ನೂ ಕೈಕೊಟ್ಟರೆ ಹಾಯಿ ಎತ್ತುವಷ್ಟು ಹೊತ್ತೂ ಸಿಗುವುದಿಲ್ಲ, ಹಡಗು ಮರಳದಿಬ್ಬಕ್ಕೆ ಬಡಿದು ಮುರಿಯುತ್ತದೆ ಎಂದೂ ನೀವೇ ಹೇಳಿದಿರಿ. ಹೇಳುವಾಗ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ತೂಗುತ್ತಿದ್ದಿರಿ, ಅಲೆ ಹೇಗೆ ಏಳುತ್ತದೆಂದು ತೋರಿಸಲು ಅವಳನ್ನೇ ಎತ್ತಿ ಇಳಿಸಿದಿರಿ, ಅವಳು ನಕ್ಕಳು. ಶೀಗಿ ಹುಣ್ಣಿಮೆಯ ಮರುದಿನ ಹೆಂಚು ತುಂಬಿಕೊಂಡು ಮುಂಬಯಿಗೆ ಹೊರಡುತ್ತೇವೆ ಎಂದು ಈಗ ಬರೆದಿದ್ದೀರಿ. ಅದಕ್ಕೆ ಇನ್ನು ಐದೇ ದಿನ, ಹೊರಡುವಾಗ ಆ ಅಳಿವೆಯನ್ನೇ ದಾಟಬೇಕು. ಮೊದಲು ನೀವು ಕೆಳಗೆ ಎಂಜಿನ್ನಿನ ಪಕ್ಕ ಇರುತ್ತಿದ್ದಿರಿ, ಮುಳ್ಳು ಸುಳ್ಳು ಹೇಳಿದರೂ ನಿಮ್ಮ ಕಿವಿ ಇತ್ತು, ಕೈ ಇತ್ತು, ಮೂಗು ಇತ್ತು. ಈಗ ಎಲ್ಲವೂ ತಾಂಡೇಲರ ಕಣ್ಣಿನ ಮೇಲೆ, ತಾಂಡೇಲರ ಕಣ್ಣು ಆ ಮುಳ್ಳಿನ ಮೇಲೆ.

ಇನ್ನೊಂದು. ಹೋದ ತಿಂಗಳ ಪತ್ರದಲ್ಲಿ ಅಲ್ಲಿಯ ಉಪ್ಪುಗಾಳಿಯನ್ನು ಬೈದು ಒಂದು ಪುಟ ಬರೆದಿದ್ದಿರಿ. ಡಬ್ಬಿಯಲ್ಲಿಟ್ಟ ಉಪ್ಪು ನೀರಾಗಿ ಹರಿಯಿತು, ಬೆಂಕಿಕಡ್ಡಿ ಹತ್ತುವುದಿಲ್ಲ, ಅತ್ತೆಯವರು ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ ಕಲ್ಲುಂಡೆಯಾಗಿ ಚಮಚಕ್ಕೆ ಬಗ್ಗುವುದಿಲ್ಲ ಎಂದು. ನಾವಿಬ್ಬರೂ ನಂಬದೆ ನಕ್ಕಿದ್ದೆವು. ನಮ್ಮ ಊರಿನಲ್ಲಿ ಒಗೆದ ಬಟ್ಟೆ ಹಿಂಡಿ ತಿರುಗುವಷ್ಟರಲ್ಲಿ ಒಣಗುತ್ತದೆ. ಉಪ್ಪು ತಾನಾಗಿ ನೀರಾಗುತ್ತದೆಂದರೆ ಓಬಳಾಪುರದ ಕಡೆಯ ಕೆಂಪು ಧೂಳು ತಿಂದು ಬೆಳೆದವರು ಹೇಗೆ ನಂಬುವುದು? ಈಗ ನಂಬುತ್ತೇನೆ. ಕೆಳಗೆ ಎಂಜಿನ್ನಿನ ಕಾವಿನಲ್ಲಿದ್ದ ಗೇಜನ್ನು ಈಗ ಆ ಗಾಳಿಗೆ ಒಡ್ಡಿದ್ದೀರಿ. ಹಳೆಯ ಗೇಜು, ಗಾಜಿನ ಸುತ್ತಲಿನ ಹಿತ್ತಾಳೆಯ ಬಳೆ ಸಡಿಲ. ಮಾವನವರ ಕಾಲದಲ್ಲೇ ಅದು ಕೈಯಿಂದ ತಿರುವಿದರೆ ಬಿಚ್ಚುತ್ತಿತ್ತು. ಥಂಡಿ ಒಳಗೆ ಹೋಗದೆ ಇರುತ್ತದೆಯೇ? ಆದ್ದರಿಂದ ಹೊರಡುವ ಮೊದಲು ದಯವಿಟ್ಟು ಅದನ್ನು ಬಿಚ್ಚಿ, ಒಳಗೆಲ್ಲ ನೋಡಿ. ಗಾಜನ್ನು ಹೊರಗಿನಿಂದ ಒರೆಸಿ ‘ನೋಡಿದೆ’ ಎಂದು ಬರೆಯಬೇಡಿ.

ಮಿಲ್ಲಿನಲ್ಲಿ ಆಯುಧಪೂಜೆ ಚೆನ್ನಾಗಿ ಆಯಿತು. ಮಾವನವರ ಜಾಗದಲ್ಲಿ ಈಗ ಎಂಜಿನ್ ನೋಡಿಕೊಳ್ಳುವ ಪಾಪಣ್ಣ ನಮ್ಮನ್ನು ಕರೆಯಲು ತಾನೇ ಬಂದಿದ್ದ. ಬೂದುಗುಂಬಳಕಾಯಿ ಒಡೆದದ್ದೂ ಅವನೇ. ಸಾಹುಕಾರರ ಮನೆಯವರು ಎಂಜಿನ್ನಿಗೆಲ್ಲ ಅರಿಸಿನ ಕುಂಕುಮ ಹಚ್ಚಿ ಎಲ್ಲರಿಗೂ ಒಂದೊಂದು ಚಿಟಿಕೆ ಸಕ್ಕರೆ ಹಂಚಿದರು. ‘ಮಿಷನ್ನಿಗೆ ಕುಂಕುಮ, ನಮಗ ಸಕ್ಕರಿ, ಇದ ಛಲೋ ಆತ್ರಿ. ಚಾಕ್ಕ ಹಾಕಾಕ ಸಕ್ಕರಿ ಇಲ್ಲದ ಕಾಲದಾಗ ಬಾಯಿ ಸಿಹಿ ಆತು’ ಎಂದು ಪಾಪಣ್ಣ ಹಲ್ಲು ಕಿರಿದ. ಅತ್ತೆಯವರು ಒಳಗೆ ಬರಲಿಲ್ಲ, ಬಾಗಿಲ ಹೊರಗೇ ನಿಂತಿದ್ದರು. ಎಷ್ಟು ಕರೆದರೂ ‘ನಾ ಇಲ್ಲಿಂದನ ನೋಡ್ತೀನಿ ಹೋಗ್ರಿ’ ಎಂದರು. ಅವರು ಕಾಯುತ್ತಿದ್ದ ಜಾಗ ಅದೇ, ನಿಮಗೆ ನೆನಪಿರಬಹುದು. ಮಾವನವರು ಇದ್ದಾಗ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಲ್ಲೇ ನಿಲ್ಲುತ್ತಿದ್ದರು. ಮನೆಗೆ ಬಂದ ಮೇಲೆ ನನ್ನ ಮುಖ ನೋಡಿ ಬಹಳ ಹೊತ್ತು ಧೈರ್ಯ ಹೇಳಿದರು. ಅವರು ಹೇಳಿದ ಧೈರ್ಯಕ್ಕೆ ನಾನು ತಲೆಯಾಡಿಸಿದೆ.

ಜಪಾನಿನವರ ಹಡಗುಗಳು ಸಮುದ್ರದ ತುಂಬ ಇವೆಯೆಂದು ಇಲ್ಲಿ ಬಜಾರಿನಲ್ಲಿ ದಿನಕ್ಕೊಂದು ಮಾತು ಹುಟ್ಟುತ್ತದೆ. ಅದಕ್ಕೆಲ್ಲ ನಾನು ಹೆದರುವುದಿಲ್ಲ, ಅದು ನನ್ನ ಕೈಯಲ್ಲಿಲ್ಲ. ಮಡಕಶಿರದ ಬಳಿಯ ಅಗಳಿಯಲ್ಲಿ ನನ್ನ ಅಪ್ಪನ ಶಾಲೆಗೆ ಈ ವರ್ಷವೂ ಹೊಸ ಹೆಂಚು ಬರಲಿಲ್ಲವಂತೆ, ನೀವು ಹೊರುವ ಹೆಂಚುಗಳಲ್ಲಿ ನಾಲ್ಕು ಅತ್ತ ಕಳಿಸಿ ಎಂದು ತಮಾಷೆಗೆ ಬರೆಯಲು ಹೇಳಿದ್ದಾರೆ. ಮಗುವಿಗೆ ಕೆಳಗಿನ ಒಸಡು ಬಿಳುಪಾಗಿದೆ, ಹಲ್ಲಿಗೆ ಇನ್ನೂ ಹೊತ್ತಿದೆ ಎನ್ನುತ್ತಾರೆ ಅತ್ತೆಯವರು. ನಿಮ್ಮ ಅಂಗಿಯೊಂದನ್ನು ಅವಳ ತೊಟ್ಟಿಲಿಗೆ ಹಾಸಿದ್ದೇನೆ, ಅದರ ಎಣ್ಣೆ ವಾಸನೆ ಎಷ್ಟು ಒಗೆದರೂ ಹೋಗಿಲ್ಲ, ಹೋಗುವುದೂ ಬೇಡ.

ಅತ್ತೆಯವರು ನಿಮಗೆ ತಮ್ಮ ಆಶೀರ್ವಾದಗಳನ್ನು ಹೇಳಿ ‘ಎಣ್ಣಿ ಹಚ್ಚಿ ತಲಿ ಎರಕೋ ಅನ್ನು, ನೀರಿನ ಮ್ಯಾಲ ಇದ್ದೀನಂತ ಮೈ ತೊಳೆಯೋದು ಬಿಡಬ್ಯಾಡ ಅನ್ನು’ ಎಂದು ಬರೆಸಿದ್ದಾರೆ. ಮಗುವಿನ ಕೈಯನ್ನು ಈ ಕಾಗದದ ಮೇಲೆ ಒಂದು ಗಳಿಗೆ ಇಟ್ಟಿದ್ದೆ, ಮೂಲೆಯಲ್ಲಿ ಸುಕ್ಕಾಗಿರುವುದು ಅವಳು ಹಿಡಿದೆಳೆದದ್ದು. ತಾಂಡೇಲರಿಗೂ ಹಡಗಿನ ಎಲ್ಲರಿಗೂ ನಮ್ಮ ಮನೆಯ ನಮಸ್ಕಾರ ತಿಳಿಸಿ.

ನಿಮ್ಮ ದಾರಿಯನ್ನೇ ಕಾಯುತ್ತಿರುವ,
ಬೊಮ್ಮಕ್ಕ

ಮರೆಯದೆ ಓದಿ: ಇದನ್ನು ಅಂಚೆ ಆಫೀಸಿನ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಮೇಲಿನದನ್ನು ಅತ್ತೆಯವರಿಗೆ ಓದಿಯಾಗಿದೆ. ಇದನ್ನು ಓದಿಲ್ಲ. ಪೋಸ್ಟ್‌ಮಾಸ್ಟರ್ ಗೋಪಾಲಪ್ಪನವರು ಚೀಲಕ್ಕೆ ಅರಗು ಹಾಕಲು ದೀಪ ಹಚ್ಚಿದ್ದಾರೆ, ‘ಬೇಗ ಮುಗಿಸ್ರಿ ತಾಯಿ’ ಎನ್ನುತ್ತಿದ್ದಾರೆ, ಅಕ್ಷರ ವಕ್ರವಾದರೆ ಕ್ಷಮಿಸಿ. ತಂತಿ ಕೊಡಲು ಕೇಳಿದೆ. ಮಿಲಿಟರಿಯ ತಂತಿಗಳ ಹಿಂದೆ ನಿಂತು ನಮ್ಮದು ಹೋಗುವುದಕ್ಕಿಂತ ಗುಂತಕಲ್ಲಿನಲ್ಲಿ ಮೇಲ್ ರೈಲು ತಪ್ಪದಿದ್ದರೆ ಪತ್ರವೇ ಮೊದಲು ಮುಟ್ಟುತ್ತದೆ ಎಂದರು. ಮುಟ್ಟಲಿ.

ಗೇಜಿನೊಳಗೆ ಕುಂಕುಮವಿದೆ. ಸಕ್ಕರೆಯೂ ಇದೆ. ಶ್ರಾವಣದಲ್ಲಿ ನಿಮ್ಮ ಚೀಲಕ್ಕೆ ಕಟ್ಟಿಡುವ ಮೊದಲು ಅತ್ತೆಯವರು ಹಿತ್ತಾಳೆಯ ಬಳೆ ತಿರುವಿ ಗಾಜು ತೆಗೆದು, ಮುಳ್ಳಿನ ಬುಡಕ್ಕೆ ಕುಂಕುಮವನ್ನೂ, ರೇಷನ್ನಿನಲ್ಲಿ ಉಳಿಸಿದ ಸಕ್ಕರೆಯನ್ನೂ ಇಟ್ಟು ಮತ್ತೆ ಮುಚ್ಚಿದ್ದಾರೆ. ಮಾವನವರು ಬಿಚ್ಚಿ ಒರೆಸುವುದನ್ನು ವರ್ಷಗಟ್ಟಲೆ ನೋಡಿದವರಿಗೆ ಅದೇನು ಕಷ್ಟ? ನವಮಿಯ ಸಂಜೆ ನಾನು ಅತ್ತಾಗ ಸಮಾಧಾನಕ್ಕೆಂದು ಗುಟ್ಟಾಗಿ ಹೇಳಿದರು. ‘ಹೆದರಬ್ಯಾಡ, ನಿನ್ನ ಗಂಡನ್ನ ಕಾಯಾಕ ಇಟ್ಟು ಕಳಿಸೀನಿ. ದೂರ ಹೋಗೋದಕ್ಕ ಬಾಯಿ ಸಿಹಿ ಮಾಡಿ ಕಳಿಸಬೇಕಲ್ಲ? ಹೊರಗ ಹಚ್ಚಿದ್ರ ಗಂಡ ಇಲ್ಲದಾಕಿ ಕೈಯ ಕುಂಕುಮ ಅಂತಾರ ಮಂದಿ. ಅದಕ ಒಳಗ ಇಟ್ಟೆ. ಯಾರಿಗೂ ಕಾಣಂಗಿಲ್ಲ, ಯಾರೂ ಒರಸಂಗಿಲ್ಲ. ನೀನೂ ಹೇಳಬ್ಯಾಡ.’ ನಾನು ಹೇಳುವುದಿಲ್ಲ ಎಂದು ಕೈಯಲ್ಲಿ ಕೈ ಹಾಕಿದೆ. ಕೈ ಹಾಕಿದ ಗಳಿಗೆಯಲ್ಲೇ ನಿಮ್ಮ ಉಪ್ಪಿನ ಡಬ್ಬಿ ನೆನಪಾಯಿತು.

ನಮ್ಮ ಒಣಗಾಳಿಯಲ್ಲಿ ಅದು ಹತ್ತು ವರ್ಷ ಇದ್ದರೂ ಪುಡಿಯಾಗಿಯೇ ಇರುತ್ತಿತ್ತು. ಕೆಳಗೆ ಎಂಜಿನ್ನಿನ ಕಾವಿನಲ್ಲೂ ಇತ್ತು. ನೀವು ಮೇಲಕ್ಕೆ ತಂದಿರಿ, ಥಂಡಿ ಹೊಕ್ಕಿತು, ಸಕ್ಕರೆ ಕರಗಿ ಪಾಕವಾಯಿತು, ಕುಂಕುಮ ಅದರಲ್ಲಿ ಕಲಸಿ ಗಟ್ಟಿಯಾಗುತ್ತಿದೆ. ಮುಳ್ಳು ಸ್ಥಿರವಾಗಿಲ್ಲ, ಅಂಟಿಕೊಂಡಿದೆ. ಎಂಜಿನ್ ನಿಂತರೂ ಅದು ಇಳಿಯದಿರುವುದು ಹಠದಿಂದಲ್ಲ. ಎಣ್ಣೆ ನಿಂತರೂ ಅದು ಹಾಗೆಯೇ ನಿಂತಿರುತ್ತದೆ, ತಾಂಡೇಲರು ಅದನ್ನು ನೋಡಿ ಎಲ್ಲ ಸರಿಯಾಗಿದೆ ಎಂದುಕೊಂಡು ಅಳಿವೆಯೊಳಕ್ಕೆ ಹಡಗು ಬಿಡುತ್ತಾರೆ.

ಬಿಚ್ಚಿ. ಸೀಮೆಎಣ್ಣೆಯಲ್ಲಿ ತೊಳೆಯಿರಿ. ಕುಂಕುಮ ಒರೆಸಿಬಿಡಿ, ಒಂದು ಕಣವೂ ಉಳಿಯದ ಹಾಗೆ ಒರೆಸಿಬಿಡಿ. ಮುತ್ತೈದೆಯಾದವಳು ಗಂಡನಿಗೆ ಬರೆಯಬಾರದ ಮಾತು ಇದೊಂದೇ. ಮೇಲಿನ ಅಷ್ಟೂ ಪುಟಗಳಲ್ಲಿ ಇದರ ಸುತ್ತಲೇ ತಿರುಗಿದೆ, ಕೈ ಬರಲಿಲ್ಲ. ಈಗ ಬರೆದಿದ್ದೇನೆ. ನನ್ನ ಹಣೆಯದು ಉಳಿಯಬೇಕಾದರೆ ಅದರೊಳಗಿನದು ಹೋಗಬೇಕು. ಅವ್ವನ ಮೇಲೆ ಸಿಟ್ಟಾಗಬೇಡಿ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ, ಗೋಪಾಲಪ್ಪನವರು ಎದ್ದು ನಿಂತಿದ್ದಾರೆ. ಈ ಪತ್ರವನ್ನು ಮನೆಯಲ್ಲಿ ಗಟ್ಟಿಯಾಗಿ ಓದುವಾಗ ಉಪ್ಪು ನೀರಾದ ಜಾಗ ಬಂದಿತಲ್ಲ, ಅಲ್ಲಿ ಅತ್ತೆಯವರು ನಡುವೆ ಬಾಯಿ ಹಾಕಿ ‘ಅಲ್ಲೆ ಸಕ್ಕರಿನೂ ನೀರಾಗತೈತೇನು?’ ಎಂದು ಕೇಳಿದರು. ಆಗುತ್ತದೆ ಅತ್ತೆ ಎಂದೆ.  ಮುಂದಕ್ಕೆ ಓದಿದೆ. ಅವರು ಕೇಳುತ್ತಿದ್ದರೋ ಇಲ್ಲವೋ, ನೋಟವೆಲ್ಲ ದೇವರ ಗೂಡಿನ ಆ ಖಾಲಿ ಜಾಗದಲ್ಲಿತ್ತು. ನಾನು ಚಪ್ಪಲಿ ಮೆಟ್ಟಿ ಹೊರಡುವಾಗ ಹಿಂದಿನಿಂದ ಬಂದು ಮಡಚಿದ ಬಟ್ಟೆಯ ತುಂಡೊಂದನ್ನು ಕೈಗಿಟ್ಟರು. ‘ನಿಮ್ಮ ಮಾವನ ಧೋತರದ್ದು. ಗಡಿಯಾರ ಒರಸಾಕಂತ ಇಟ್ಕೊಂಡಿದ್ರು, ಇದರಷ್ಟು ಮೆತ್ತಗ ಅಲ್ಲೆ ಯಾವುದೂ ಸಿಗಂಗಿಲ್ಲ. ಲಕೋಟ್ಯಾಗ ಹಾಕು. ಯಾಕಂತ ಕೇಳಬ್ಯಾಡ’ ಎಂದು ಹೇಳಿ ಒಳಗೆ ಹೋದರು, ನನ್ನ ಮುಖ ನೋಡಲಿಲ್ಲ.

ಇದರೊಳಗೆ ಇಟ್ಟಿದ್ದೇನೆ. ಇದರಿಂದಲೇ ಒರೆಸಿ. ಒರೆಸಿದ ಮೇಲೆ ಸಮುದ್ರಕ್ಕೆ ಎಸೆಯಬೇಡಿ, ಹಾಗೆಯೇ ಮಡಚಿ ಎದೆಯ ಜೇಬಿನಲ್ಲಿಟ್ಟುಕೊಳ್ಳಿ. ಅವರು ಕಳಿಸಿದ್ದು ಯಾರಿಗಾಗಿ ಕಳಿಸಿದರೋ ಅವರ ಹತ್ತಿರವೇ ಇರುತ್ತದೆ. ಆಮೇಲೆ ಎಂಜಿನ್ ಹಚ್ಚಿ ನೋಡಿ, ಒಂದು ಕಾರ್ಡು ಹಾಕಿ. ಆರೋಗ್ಯ, ಹವೆ, ಅಕ್ಕಿಯ ಬೆಲೆ ಏನೂ ಬೇಡ. ಮುಳ್ಳು ನಡುಗುತ್ತಿದೆ ಎಂದು ಅಷ್ಟೇ ಬರೆಯಿರಿ. ನಾನು ಅದನ್ನು ಅತ್ತೆಯವರಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಆ ರಾತ್ರಿ ನಾವು ಮೂವರೂ ಮಲಗುತ್ತೇವೆ.